ಫಾರ್ಮ್ಯಾಟ್ ಮಾಡದೆ ಉಳಿಸಿದ ದಡಿಗಳು

ನನ್ನ ಇಡೀ ನೌಕರಿಯಲ್ಲಿ "ನಾನು ಕೆಡಿಸಿದೆ" ಎಂದು ಫೋನ್ ಮಾಡಿದವರು ಒಬ್ಬರೂ ಇಲ್ಲ. "ಬಾಯಾರ, ಅದರಷ್ಟಕ್ಕ ಅದ ನಿಂತೈತ್ರಿ" ಎನ್ನುತ್ತಿದ್ದರು. ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಕಂಪ್ಯೂಟರುಗಳು ತಮ್ಮಷ್ಟಕ್ಕೆ ತಾವೇ ನಿಲ್ಲುತ್ತವೆ, ಫೈಲುಗಳು ತಮ್ಮಷ್ಟಕ್ಕೆ ತಾವೇ ಮಾಯವಾಗುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ಫೋನ್ ಮಾಡಿದವರನ್ನು ಸುಳ್ಳುಗಾರರು ಎಂದು ಬೈಯಬೇಡಿ, ಅವರು ಹೆದರಿರುತ್ತಾರೆ ಅಷ್ಟೆ. ಮುಖ ಗಂಟುಹಾಕಿಕೊಳ್ಳದೆ ಅವರ ಜೊತೆ ಒಂದು ಕಪ್ ಚಹಾ ಕುಡಿದರೆ, ಕಪ್ ಖಾಲಿಯಾಗುವುದರೊಳಗೆ ಖರೇ ಸಂಗತಿ ಹೊರಗೆ ಬರುತ್ತದೆ.

ನಾನು ಒಂದು ಶಿಕ್ಷಣ ಸಂಸ್ಥೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತಳಾದವಳು. ಸಂಸ್ಥೆಯ ದೊಡ್ಡ ಆಫೀಸು ರೋಣದಲ್ಲಿತ್ತು. ನರಗುಂದ, ಕೊಣ್ಣೂರು, ಸೂಡಿ, ರಾಜೂರಗಳಲ್ಲಿ ಹೈಸ್ಕೂಲುಗಳಿದ್ದವು, ಗಜೇಂದ್ರಗಡದಲ್ಲಿ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುವ ಒಂದು ಕೇಂದ್ರವಿತ್ತು. ನಾನು ಸೇರಿದ್ದು ಟೈಪಿಂಗ್ ಕಲಿಸುವವಳಾಗಿ; ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಬಾಯಾರು. ಮುಂದೆ ಸಂಸ್ಥೆಗೆ ಮೊದಲ ಕಂಪ್ಯೂಟರ್ ಬಂತು. ಪೆಟ್ಟಿಗೆ ಒಡೆದು ಮೇಜಿನ ಮೇಲಿಟ್ಟರು, ಸುತ್ತ ನಿಂತು ನೋಡಿದರು, ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕೀಲಿಮಣೆ ಟೈಪ್‌ರೈಟರಿನ ಹಾಗೇ ಇದೆ ಎಂದು ಯಾರೋ ಹೇಳಿದರು. ಅಷ್ಟಕ್ಕೇ ಅದು ನನ್ನ ಕೊರಳಿಗೆ ಬಿತ್ತು. ಬಿದ್ದದ್ದು ಒಳ್ಳೆಯದೇ ಆಯಿತೆಂದು ಇವತ್ತಿಗೂ ಹೇಳುತ್ತೇನೆ. ಅಂದಿನಿಂದ ಊರಿನವರು ನನ್ನ ಹೆಸರು ಮರೆತು "ಕಂಪ್ಯೂಟರ್ ಬಾಯಾರು" ಎಂದು ಕರೆಯತೊಡಗಿದರು, ನನಗೂ ಆ ಹೆಸರೇ ಇಷ್ಟವಾಯಿತು.

ನನಗೆ ಕೆಲಸ ಕಲಿಸಿದವರು ಕಂಪನಿಯವರಲ್ಲ. ಅವರು ಬಂದು ಗುಂಡಿ ಒತ್ತಿ ತೋರಿಸಿ ಹೋದರು. ಕಲಿಸಿದವರು ನಮ್ಮ ರೋಣದ ಆಫೀಸಿನ ಹಳೆಯ ಸೂಪರಿಂಟೆಂಡೆಂಟರು. ಅವರಿಗೆ ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ಯಾವುದೇ ಕಡತ ಕಳೆದರೆ ಹುಡುಕಾಡುವ ಮೊದಲು ಕೈಕಟ್ಟಿ ನಿಂತು, ಕಡೆಯ ಸಲ ಅದನ್ನು ಯಾರು ಮುಟ್ಟಿದರು, ಯಾಕೆ ಮುಟ್ಟಿದರು ಎಂದು ಕೇಳುತ್ತಿದ್ದರು. ಉತ್ತರ ಸಿಗುವತನಕ ಕಪಾಟಿನ ಬಾಗಿಲು ತೆಗೆಯಲು ಬಿಡುತ್ತಿರಲಿಲ್ಲ. ನಾನು ಇದೊಂದನ್ನು ಅವರಿಂದ ಎತ್ತಿಕೊಂಡೆ. ಕೆಟ್ಟ ಕಂಪ್ಯೂಟರಿನ ಮುಂದೆ ನನ್ನ ಕೈ ಮೊದಲು ಬೆನ್ನ ಹಿಂದೆ ಇರುತ್ತಿತ್ತು, ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು.

ಬೇರೆಯವರ ಪದ್ಧತಿ ಹಾಗಿರಲಿಲ್ಲ. ಗದಗಿನಿಂದ ಬರುತ್ತಿದ್ದ ರಿಪೇರಿ ಹುಡುಗರು ಬಂದವರೇ ಫಾರ್ಮ್ಯಾಟ್ ಹೊಡೆಯುತ್ತಿದ್ದರು. ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಚಹಾ ಆರುವುದರೊಳಗೆ ಹೊರಟುಬಿಡುತ್ತಿದ್ದರು. ಮನೆಯ ಒಂದು ತೊಲೆ ಮುರಿದರೆ ಮನೆಯನ್ನೇ ಕೆಡವಿ ಬೇರೆ ಕಟ್ಟಿಕೊಟ್ಟ ಹಾಗೆ. ಒಳಗಿದ್ದ ಸಾಮಾನು ಎಲ್ಲಿ ಎಂದು ಕೇಳಿದರೆ "ಬ್ಯಾಕಪ್ ತಗೊಂಡಿದ್ದಿಲ್ಲೇನ್ರಿ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಫಾರ್ಮ್ಯಾಟ್ ಮಾಡುವುದು ರಿಪೇರಿಯಲ್ಲ, ಸೋಲೊಪ್ಪಿಕೊಳ್ಳುವುದು ಎಂದು ನಾನು ಬಹಳ ಮೊದಲೇ ತೀರ್ಮಾನ ಮಾಡಿದ್ದೆ. ಈ ವಿಷಯದಲ್ಲಿ ನನಗೆ ಸೊಕ್ಕಿತ್ತು. ಇರಲಿ, ಆ ಸೊಕ್ಕಿನಿಂದ ಯಾರಿಗೂ ಹಾನಿಯಾಗಿಲ್ಲ.

ನರಗುಂದದ ಹೈಸ್ಕೂಲಿನ ಹೆಡ್ ಕ್ಲರ್ಕರ ಕತೆ ಕೇಳಿ. ಬಹಳ ಶಿಸ್ತಿನ ಮನುಷ್ಯ. ವರ್ಷಕ್ಕೊಮ್ಮೆ ಅವಧಿ ಮುಗಿದ ಹಳೆಯ ಕಾಗದಪತ್ರ ತೆಗೆದು ರದ್ದಿಗೆ ಹಾಕುವುದು ಆಫೀಸಿನ ರೂಢಿ, ಅದನ್ನು ಅವರು ಒಂದು ವರ್ಷವೂ ತಪ್ಪಿಸಿದವರಲ್ಲ. ಒಮ್ಮೆ ಅವರಿಗೆ ಕಂಪ್ಯೂಟರಿನೊಳಗೂ ಹಾಗೇ ಮಾಡಬೇಕೆನ್ನಿಸಿತು. ಸಿ ಡ್ರೈವ್ ತೆಗೆದು, ತಾರೀಖಿನ ಪ್ರಕಾರ ಹೊಂದಿಸಿ, ತಾವು ಆ ಸಾಲೆಗೆ ಬರುವುದಕ್ಕೂ ಮುಂಚಿನ ತಾರೀಖಿನ ಫೈಲುಗಳನ್ನೆಲ್ಲ ಅಳಿಸಿದರು. ವಿಂಡೋಸಿನ ಫೈಲುಗಳ ಮೇಲೆ ಅವು ತಯಾರಾದ ಹಳೆಯ ತಾರೀಖೇ ಇರುತ್ತದೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು. ನಾನು ಹೋಗಿ ಕೇಳಿದಾಗ ಅವರು ಎದೆ ಸೆಟೆಸಿ ಹೇಳಿದರು: "ನಿಯಮದ ಪ್ರಕಾರನ ತಗದೀನ್ರಿ. ಅಷ್ಟು ಹಳೇ ರೆಕಾರ್ಡ್ ಇಟಗೊಂಡು ಏನ್ಮಾಡೂದು?" ನನಗೆ ನಗು ತಡೆಯಲಾಗಲಿಲ್ಲ, ಅವರಿಗೆ ಸಿಟ್ಟು ಬಂತು. ವಿಂಡೋಸಿನ ಸಿ.ಡಿ. ಹಾಕಿ ಅದರೊಳಗಿನ ರಿಪೇರಿ ಪರದೆಗೆ ಹೋಗಿ, ಕಳೆದ ಫೈಲುಗಳನ್ನು ಒಂದೊಂದಾಗಿ ಅದರಿಂದ ಎಳೆದು ಹಾಕಿದೆ. ಕಂಪ್ಯೂಟರ್ ಚಾಲೂ ಆಯಿತು. ಅವರ ಶಿಸ್ತಿಗೆ ಮಾತ್ರ ಏನೂ ಆಗಲಿಲ್ಲ, ಮರುವರ್ಷ ರದ್ದಿ ತೆಗೆಯುವ ಮೊದಲು ಫೋನ್ ಮಾಡಿ ನನ್ನ ಒಪ್ಪಿಗೆ ಕೇಳಿದರು.

ಕೊಣ್ಣೂರಿನದು ಬೇರೆಯೇ ಆಯಿತು. ಹೊಳೆ ಏರಿ ಸೇತುವೆಯ ಮೇಲೆ ನೀರು ನಿಂತು ಬಸ್ಸು ಬಂದ್ ಆಗಿದ್ದ ದಿನಗಳವು. ಹತ್ತನೇ ಇಯತ್ತೆಯ ಮಕ್ಕಳ ಹೆಸರು ತುಂಬಿ ಕಳಿಸುವ ಕಡೆಯ ದಿನ ಹತ್ತಿರ ಬಂದಿತ್ತು, ಕಂಪ್ಯೂಟರ್ ನೋಡಿದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಇಂಗ್ಲಿಷ್ ತೋರಿಸಿ ನಿಂತುಬಿಟ್ಟಿತ್ತು. ಸಾಲೆಯಲ್ಲಿ ಸಿಕ್ಕವರು ದೈಹಿಕ ಶಿಕ್ಷಕರೊಬ್ಬರೇ. ನಾನು ರೋಣದಿಂದ ಫೋನಿನಲ್ಲಿ ಒಂದೊಂದು ಅಕ್ಷರ ಹೇಳುವುದು, ಅವರು ಮೈದಾನದಲ್ಲಿ ಕವಾಯತು ಮಾಡಿಸುವ ದನಿಯಲ್ಲಿ ಅದನ್ನು ತಿರುಗಿ ಹೇಳಿ ಒತ್ತುವುದು. ನಮ್ಮ ಆಫೀಸಿನವರೆಲ್ಲ ಕೆಲಸ ಬಿಟ್ಟು ನನ್ನ ಮೇಜಿನ ಸುತ್ತ ಸೇರಿದರು. ಆ ಶಿಕ್ಷಕರ ಬೆರಳಿಗೆ ಕೀಲಿಮಣೆಯ ಪರಿಚಯವಿರಲಿಲ್ಲ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದರಲ್ಲಿ ಅವರಂಥವರನ್ನು ನಾನು ಮತ್ತೆ ಕಾಣಲಿಲ್ಲ. ಬಹಳ ತಿಳಿದವರು ಇದ್ದಿದ್ದರೆ ನಡುವೆ ತಮ್ಮದೊಂದು ಸೇರಿಸಿ ಕೆಡಿಸುತ್ತಿದ್ದರು. ಕಂಪ್ಯೂಟರ್ ಎದ್ದು ನಿಂತಾಗ ಅವರು ಆ ಕಡೆ ಸೀಟಿ ಊದಿದ್ದು ಫೋನಿನಲ್ಲಿ ಎಲ್ಲರಿಗೂ ಕೇಳಿಸಿತು.

ಈಗ ಪದ್ಧತಿ ಬದಲಾಗಿದೆ. ಒಂದು ಸಾಲು ಆಜ್ಞೆ ಕೊಟ್ಟರೆ ವಿಂಡೋಸ್ ತನ್ನ ಫೈಲುಗಳನ್ನು ತಾನೇ ತಪಾಸಣೆ ಮಾಡಿ, ಕಳೆದದ್ದನ್ನು ತಾನೇ ತಂದು ಹಾಕಿಕೊಳ್ಳುತ್ತದೆ. ಮುಖ್ಯ ಫೈಲುಗಳನ್ನು ಅಳಿಸಲು ಹೋದರೆ ಬಿಡುವುದೂ ಇಲ್ಲ. ಕೂತಲ್ಲಿಂದಲೇ ನರಗುಂದದ ಪರದೆಯನ್ನು ರೋಣದಲ್ಲಿ ನೋಡಬಹುದು. ನಮ್ಮ ಕಾಲದಲ್ಲಿ ಸಿ.ಡಿ. ತುಂಬಿದ ಚೀಲ, ಸ್ಕ್ರೂಡ್ರೈವರ್, ಒಂದು ಖಾಲಿ ಹಾರ್ಡ್ ಡಿಸ್ಕ್, ಬುತ್ತಿ, ಇಷ್ಟನ್ನು ಹೊತ್ತು ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆವು. ಆ ಕಾಲವೇ ಚಲೋ ಇತ್ತೆಂದು ನಾನು ಹೇಳುವುದಿಲ್ಲ. ನಿಂತ ಕಾಲು ನೋಯುತ್ತಿದ್ದವು. ಈಗಿನದೇ ಚಲೋ. ಆದರೆ ತಾನೇ ಮಾಡಿಕೊಳ್ಳುವ ರಿಪೇರಿ ಕೈಕೊಟ್ಟ ದಿನ ಏನು ಮಾಡಬೇಕೆಂಬುದು ನಿಮಗೆ ಗೊತ್ತಿರಲಿ ಎಂದು ಮುಂದಿನದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಮ್ಮ ಕಡೆ ಮಹಾನವಮಿಗೆ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಕೂರಿಗೆಯಿಂದ ಟ್ರ್ಯಾಕ್ಟರಿನವರೆಗೆ, ತಕ್ಕಡಿಯಿಂದ ಹೊಲಿಗೆ ಮಶಿನಿನವರೆಗೆ ಎಲ್ಲವನ್ನೂ ಒರೆಸಿ ತೊಳೆದು ಪೂಜೆಗಿಡುತ್ತಾರೆ. ಮನೆಯಲ್ಲಿ ಮಾಳಿಗೆಯ ಮೇಲಿನ ಬೇಡದ ಸಾಮಾನೂ ಆಗಲೇ ಹೊರಗೆ ಹೋಗಬೇಕು. ಕಂಪ್ಯೂಟರ್ ಬಂದ ಮೇಲೆ ಅದಕ್ಕೂ ಕುಂಕುಮ, ಸೇವಂತಿಗೆ ಹೂವು, ಪಕ್ಕದಲ್ಲೊಂದು ಕಬ್ಬು. ಹೂವಿನ ಎಸಳು ಫ್ಯಾನಿಗೆ ಸಿಕ್ಕಿಕೊಳ್ಳುವುದು, ಸಿ.ಡಿ. ಹಾಕುವ ಕಡೆ ವಿಭೂತಿ ಸೇರುವುದು, ಇದೆಲ್ಲ ನನಗೆ ಪ್ರತಿ ವರ್ಷದ ಕೆಲಸವಾಗಿತ್ತು. ವಿಜಯದಶಮಿಗೆ ಬನ್ನಿ ಮುಡಿದ ಮರುದಿನ ನಾನು ಎಂದೂ ರಜೆ ಹಾಕಿದವಳಲ್ಲ. ಹಾಕಿದರೂ ಪ್ರಯೋಜನವಿರಲಿಲ್ಲ, ಫೋನ್ ಬಂದೇ ಬರುತ್ತಿತ್ತು.

ಆ ವರ್ಷ ಫೋನ್ ಬಂದದ್ದು ಗಜೇಂದ್ರಗಡದ ನೇಯ್ಗೆ ಕೇಂದ್ರದಿಂದ.

ಅಲ್ಲಿ ಈರಪ್ಪ ಮಾಸ್ತರ್ ಎಂಬ ಹಿರಿಯರು ನೇಯ್ಗೆ ಕಲಿಸುತ್ತಿದ್ದರು. ಮಗ್ಗದ ಮನೆತನದವರು. ಸೀರೆಯ ದಡಿಯ ವಿನ್ಯಾಸವನ್ನು ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚೌಕದ ಮನೆಗೆ ಬಣ್ಣ ತುಂಬಿ ಬರೆಯುವುದರಲ್ಲಿ ಅವರು ನಿಸ್ಸೀಮರು. ಹರೆಯದಲ್ಲಿ ಸೈಕಲ್ ಹತ್ತಿ ಸೂಡಿ, ರಾಜೂರದ ಮನೆಮನೆಗೆ ಹೋಗಿ, ಮುದುಕಿಯರು ಟ್ರಂಕಿನಿಂದ ತೆಗೆದ ಹಳೆಯ ಸೀರೆಗಳ ದಡಿಗಳನ್ನು ಎಳೆ ಎಣಿಸಿ ಬರೆದುಕೊಂಡು ಬಂದಿದ್ದರಂತೆ. ಆ ಸೀರೆಗಳು ಆಮೇಲೆ ಹರಿದು ಕೌದಿಯಾಗಿ, ಕೌದಿಯೂ ಹರಿದು ಹೋಗಿದ್ದವು. ದಡಿಗಳು ಮಾತ್ರ ಮಾಸ್ತರರ ಹಾಳೆಗಳಲ್ಲಿ ಉಳಿದಿದ್ದವು. ಅವರ ಕೈಯಲ್ಲೇ ನೇಯ್ಗೆ ಕಲಿತು, ಅಲ್ಲೇ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದ ಸವಿತಾ ಎಂಬ ಹುಡುಗಿ ಆ ಹಾಳೆಗಳನ್ನೆಲ್ಲ ಕೆಲವು ವರ್ಷ ಕೂತು ಕಂಪ್ಯೂಟರಿಗೆ ಏರಿಸಿದ್ದಳು. ಗುಬ್ಬಿ ಹೆಜ್ಜೆ, ಜೋಳದ ತೆನೆ, ಹುಣಸೆ ಹೂ, ಹೀಗೆ ಪ್ರತಿಯೊಂದಕ್ಕೂ ಹೆಸರಿತ್ತು.

ಆ ನವಮಿಗೆ ಕೇಂದ್ರಕ್ಕೆ ಸುಣ್ಣ ಹೊಡೆಸಿದರು. ಕಪಾಟಿನ ಹಾಳೆಗಳಿಗೆ ಒರಲೆ ಹತ್ತಿತ್ತು. ಹೇಗೂ ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಕೇಂದ್ರದ ಆಡಳಿತಾಧಿಕಾರಿ ಸಾಹೇಬರು ಅವನ್ನು ಸುಡಲು ಹೇಳಿದರು, ಮಾಸ್ತರರೂ ಹೂಂ ಎಂದರು, ಸುಟ್ಟೂ ಆಯಿತು. ಪೂಜೆಯ ಹಿಂದಿನ ದಿನ ಸವಿತಾ ಕಂಪ್ಯೂಟರನ್ನು ಹೊರಗಿನಿಂದ ಒರೆಸಿದ ಮೇಲೆ ಒಳಗೂ ಸ್ವಚ್ಛ ಮಾಡಿದಳು. ಪೂಜೆ ಮುಗಿಯಿತು. ಬನ್ನಿಯ ಮರುದಿನ ಗುಂಡಿ ಒತ್ತಿದರೆ ಅದು ಏಳಲಿಲ್ಲ.

ನಾನು ಹೋದಾಗ ಸವಿತಾ ಮಗ್ಗದ ಮನೆಯ ಹೊರಗಿನ ಕಟ್ಟೆಯ ಮೇಲೆ ಬ್ಯಾಗು ಹಿಡಿದು ಕೂತಿದ್ದಳು. ಬ್ಯಾಗು ಯಾಕೆ ಹಿಡಿದಿದ್ದೀ ಎಂದು ಕೇಳಿದೆ. ಸಾಹೇಬರು ಹೇಗೂ ಮನೆಗೆ ಹೋಗು ಎನ್ನುತ್ತಾರೆ, ಅದಕ್ಕೇ ತಯಾರಾಗಿ ಕೂತೀನಿ ಎಂದಳು. ಚಹಾ ತರಿಸಿದೆ. ಅರ್ಧ ಕಪ್ಪಿಗೇ ಎಲ್ಲ ಹೇಳಿದಳು. ಡಿಸ್ಕ್ ತುಂಬಿದೆ ಎಂದು ಪರದೆ ಮೇಲೆ ದಿನಾ ಬರುತ್ತಿತ್ತಂತೆ. ಅಡಗಿಸಿಟ್ಟ ಫೈಲುಗಳನ್ನು ಕಾಣುವಂತೆ ಮಾಡುವುದು ಅವಳಿಗೆ ಗೊತ್ತಿತ್ತು.

"ನಾವು ಮಾಡಿದ್ದು ಯಾವುದು, ನಮ್ದಲ್ಲದ್ದು ಯಾವುದು ಅಂತ ನೋಡಿ, ನಮ್ದಲ್ಲದ್ದನ್ನ ತಗದೆ ರೀ ಬಾಯಾರ. ಮನಿಯಾಗ ಹಂಗ ಮಾಡ್ತೀವಲ್ರಿ. ದಡಿ ಫೋಲ್ಡರ್ ಮುಟ್ಟಿಲ್ಲ. ಅವ್ವನಾಣಿ ಮುಟ್ಟಿಲ್ಲ."

ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಉಳಿಯದ ಹಾಗೆ ಅಳಿಸಿದ್ದಳು, ಯಾಕೆಂದರೆ ಪೂಜೆಯ ದಿನ ಬುಟ್ಟಿಯಲ್ಲಿ ಕಸ ಇರಬಾರದು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ತನಗೆ ತಿಳಿದಷ್ಟರಲ್ಲಿ ಅವಳು ಮಾಡಿದ್ದು ಅಚ್ಚುಕಟ್ಟಾಗಿಯೇ ಇತ್ತು.

ಒಳಗೆ ಆಡಳಿತಾಧಿಕಾರಿಗಳು ಅತ್ತಿಂದಿತ್ತ ತಿರುಗುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಮರುದಿನ ಬೆಂಗಳೂರಿನಿಂದ ಕೈಮಗ್ಗದವರ ಒಂದು ತಂಡ ಬರುವುದಿತ್ತು. ದಡಿಗಳನ್ನು ನೋಡಿ ಮೆಚ್ಚಿದರೆ ಕೇಂದ್ರದ ಹುಡುಗಿಯರಿಗೆ ವರ್ಷವಿಡೀ ಕೆಲಸ ಸಿಗುತ್ತಿತ್ತು. ಅದಕ್ಕಾಗಿ ಅವರು ಬಹಳ ಓಡಾಡಿದ್ದರು. ನನ್ನನ್ನು ಕಂಡವರೇ, ಫೈಲುಗಳನ್ನು ತೆಗೆದಿಟ್ಟುಕೊಂಡು ಲಗೂ ಫಾರ್ಮ್ಯಾಟ್ ಮಾಡಿ ಎಂದರು. ಫೈಲು ತೆಗೆದಿಡಬಹುದು, ಆದರೆ ತೆರೆಯುವುದು ಯಾವುದರಲ್ಲಿ ಎಂದು ಕೇಳಿದೆ. ಆ ದಡಿಗಳು ತೆರೆಯುತ್ತಿದ್ದದ್ದು ಒಂದೇ ಒಂದು ಪ್ರೋಗ್ರಾಮಿನಲ್ಲಿ. ಅದನ್ನು ಮಾಡಿಕೊಟ್ಟವನು ಅಂಗಡಿ ಮುಚ್ಚಿಕೊಂಡು ಎತ್ತಲೋ ಹೋಗಿದ್ದ. ಅದರ ಸಿ.ಡಿ. ಎಂದೋ ಗೀರುಬಿದ್ದು ಕೆಟ್ಟಿತ್ತು. ಫಾರ್ಮ್ಯಾಟ್ ಮಾಡಿದರೆ ಪ್ರೋಗ್ರಾಂ ಹೋಗುತ್ತಿತ್ತು, ಅದು ಹೋದರೆ ದಡಿಗಳು ಕೀಲಿ ಕಳೆದ ಪೆಟ್ಟಿಗೆಯಲ್ಲಿ ಸಿಕ್ಕ ಹಾಗೆ.

ಸಾಹೇಬರಿಗೆ ಇದು ಅರ್ಥವಾಯಿತು. ಅರ್ಥವಾದದ್ದೇ ಕಷ್ಟಕ್ಕೆ ಬಂತು. ಅವರು ಬಾಗಿಲ ಕಡೆ ತಿರುಗಿ ಸವಿತಾಳನ್ನು ಕರೆದರು. ಅವಳು ಬ್ಯಾಗಿನ ಸಮೇತ ಬಂದು ನಿಂತಳು. ಇಷ್ಟು ವರ್ಷದ ಕೆಲಸ ಹಾಳು ಮಾಡಿದೆ, ನಾಳೆಯಿಂದ ಬರಬೇಡ ಎಂದು ಅವರು ಹೇಳಲಿರುವುದು ಮುಖದ ಮೇಲೆಯೇ ಕಾಣುತ್ತಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಈರಪ್ಪ ಮಾಸ್ತರರು ಎದ್ದರು.

"ಸರ್, ಆ ಹುಡುಗೀನ ಬಿಡ್ರಿ. ದಡಿ ಎಲ್ಲಾ ನನ್ನ ತಲಿಯಾಗ ಅದಾವ. ಹಾಳಿ ತರಿಸಿ ಕೊಡ್ರಿ, ಕುಂತು ಮತ್ತ ಬರದು ಕೊಡ್ತೀನಿ."

ಅದನ್ನು ಅವರು ಎಷ್ಟು ಹಗುರವಾಗಿ ಹೇಳಿದರೆಂದರೆ ನಾನೂ ನಂಬಿದೆ. ಸಾಹೇಬರ ಮುಖದ ಬಿಗಿ ಸಡಿಲವಾಯಿತು. ಸವಿತಾ ಬ್ಯಾಗು ಕೆಳಗಿಟ್ಟು ಅತ್ತಳು. ಆದರೆ ಸಾಹೇಬರ ಮುಂದಿನ ಮಾತು ನನ್ನ ಕಡೆ ಬಂತು.

"ಕೇಳಿದ್ರಲ್ಲ ಬಾಯಾರ. ಮಾಸ್ತರ ಬರದು ಕೊಡ್ತಾರಂತ. ಇನ್ನೇನ, ಫಾರ್ಮ್ಯಾಟ್ ಹೊಡಿರಿ. ನಾಳೆ ಬರೋರ ಮುಂದ ಕಂಪ್ಯೂಟರ್ ಚಾಲೂ ಇದ್ರ ಸಾಕು."

ನಾನು ನೀರು ಕುಡಿದು ಬರುತ್ತೇನೆಂದು ಹಿತ್ತಲಿಗೆ ಹೋದೆ. ಮಾಸ್ತರರು ಗೋಡೆ ಸವರುತ್ತ ಹಿಂದೆಯೇ ಬಂದರು. ಆಗಲೇ ನನಗೆ ಏನೋ ಅನ್ನಿಸಬೇಕಿತ್ತು. ದನಿ ತಗ್ಗಿಸಿ ಹೇಳಿದರು.

"ಬಾಯಾರ, ನಾ ಸುಳ್ಳು ಹೇಳಿದ್ನಿ. ಕಣ್ಣು ಹೋಗ್ಯಾವ ನನ್ವು. ಹೋದ ವರ್ಸದಿಂದ ಹಾಳಿ ಮ್ಯಾಲಿನ ಮನಿ ಕಾಣವಲ್ವು. ಹೋದ ಕಣ್ಣು ಮರಳಿ ಬರೂದಿಲ್ಲ ಅಂತ ದವಾಖಾನ್ಯಾಗ ಹೇಳ್ಯಾರ. ತಲಿಯಾಗ ಇರೂವು ದಿನಾ ನೇಯೂವು ನಾಕೈದು ಅಷ್ಟ. ಉಳದ್ವು ನನಗೂ ನೆನಪಿಲ್ಲ."

ಮಗ್ಗದ ಮೇಲೆ ಕೈಯಾಡಿಸಿಯೇ ಅವರು ಪಾಠ ಹೇಳುತ್ತಿದ್ದರು, ಅದು ಅವರ ರೂಢಿ ಎಂದು ನಾವೆಲ್ಲ ತಿಳಿದಿದ್ದೆವು. ಇದು ಗೊತ್ತಾದರೆ ಕೆಲಸ ಬಿಡಿಸುತ್ತಾರೆಂದು ಅವರು ಯಾರಿಗೂ ಹೇಳಿರಲಿಲ್ಲ. ಈಗ ಅವರಿಗಿದ್ದ ಚಿಂತೆ ಅದಲ್ಲ. ಈ ಮಾತು ಸವಿತಾಳ ಕಿವಿಗೆ ಬೀಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ದಡಿಗಳನ್ನು ಮತ್ತೆ ಬರೆಯುವವರೇ ಇಲ್ಲವೆಂದು ತಿಳಿದರೆ ಆ ಹುಡುಗಿ ಇನ್ನೊಮ್ಮೆ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದರು.

ನಾನು ಒಳಗೆ ಬಂದು ಸಾಹೇಬರ ಮುಂದೆ ಕೂತೆ. ಮಾಸ್ತರರ ಮಾತನ್ನು ಸುಳ್ಳು ಮಾಡದೆ ಫಾರ್ಮ್ಯಾಟ್ ತಪ್ಪಿಸಬೇಕಿತ್ತು. ಮಾಸ್ತರರು ಬರೆಯುತ್ತಾರೆ ಸರಿ, ಆದರೆ ನಾಳೆಗೇ ಆಗುವುದಿಲ್ಲವಲ್ಲ, ಬೆಂಗಳೂರಿನವರಿಗೆ ಖಾಲಿ ಕಂಪ್ಯೂಟರ್ ತೋರಿಸುತ್ತೀರಾ ಎಂದು ಕೇಳಿದೆ. ಸಂಜೆಯವರೆಗೆ ಸಮಯ ಕೊಡಿ, ಆಗದಿದ್ದರೆ ನನ್ನ ಕೈಯಿಂದಲೇ ಫಾರ್ಮ್ಯಾಟ್ ಮಾಡುತ್ತೇನೆ ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು, ಅದೇ ಕಡೆಯದು.

ಕೆಲಸಕ್ಕೆ ಕೂತೆ. ಸವಿತಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಅಳಿಸಿದವರ ನೆನಪಿಗಿಂತ ದೊಡ್ಡ ಉಪಕರಣ ಈ ಕೆಲಸದಲ್ಲಿ ಇಲ್ಲ. ಮೊದಲು ಪೆಟ್ಟಿಗೆಯ ಮೇಲಿನ ಕುಂಕುಮ ಒರೆಸಿ, ಡಿಸ್ಕನ್ನು ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಇದ್ದದ್ದನ್ನೆಲ್ಲ ಇದ್ದ ಹಾಗೆ ನನ್ನ ಖಾಲಿ ಡಿಸ್ಕಿಗೆ ನಕಲು ಮಾಡಿದೆ. ನಕಲು ಆಗುವತನಕ ಮೂಲವನ್ನು ಮುಟ್ಟಬೇಡಿ. ನೀವು ಎಷ್ಟೇ ಜಾಣರಿದ್ದರೂ ಮುಟ್ಟಬೇಡಿ. ದಡಿ ಫೋಲ್ಡರ್ ಇತ್ತು, ಹುಡುಗಿಯ ಮಾತು ಖರೇ ಇತ್ತು.

ವಿಂಡೋಸ್ ಏಳಲು ಬೇಕಾದ ಮೊದಲ ಫೈಲುಗಳೇ ಹೋಗಿದ್ದವು. ಅವು ಸಿ.ಡಿ.ಯಲ್ಲಿ ಸಿಗುತ್ತವೆ, ಹಾಕಿದೆ. ವಿಂಡೋಸಿನ ಗುರುತಿನ ಚಿತ್ರ ಬಂತು. ಸವಿತಾ ಕೈಜೋಡಿಸಿದಳು. ಕೂಡಲೇ ಪರದೆಯೆಲ್ಲ ನೀಲಿಯಾಗಿ ನಿಂತಿತು. ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ಫೈಲುಗಳ ಫೋಲ್ಡರನ್ನು ನೋಡಿದೆ, ಅರ್ಧಕ್ಕರ್ಧ ಖಾಲಿ. ಅದರಲ್ಲಿ ಏನೇನು ತೆಗೆದೆ ಎಂದು ಅವಳನ್ನು ಕೇಳಿದರೆ, ಹೆಸರು ಓದಲು ಬಾರದ್ದನ್ನೆಲ್ಲ ತೆಗೆದೆ ಎಂದಳು. ಆ ಫೋಲ್ಡರಿನಲ್ಲಿ ಓದಲು ಬರುವ ಹೆಸರು ನನಗೂ ಅಪರೂಪ. ಇವುಗಳಲ್ಲಿ ಕೆಲವು ಸಿ.ಡಿ.ಯಲ್ಲೂ ಇರಲಿಲ್ಲ, ಕಂಪನಿಯವರು ಆಮೇಲೆ ಹಾಕಿಕೊಟ್ಟಿದ್ದವು.

ಇಲ್ಲಿ ನನ್ನ ಬಸ್ಸಿನ ಓಡಾಟ ಉಪಯೋಗಕ್ಕೆ ಬಂತು. ಸಂಸ್ಥೆಯ ಯಾವ ಸಾಲೆಯಲ್ಲಿ ಯಾವ ಯಂತ್ರವಿದೆ ಎಂಬುದು ನನಗೆ ಬಾಯಿಪಾಠ. ಇದರ ಜೊತೆಗೇ, ಒಂದೇ ಲಾರಿಯಲ್ಲಿ ಬಂದ ಇದರದೇ ಜೋಡಿ ರೋಣದ ಗ್ರಂಥಾಲಯದಲ್ಲಿತ್ತು. ಅದಕ್ಕೂ ನಾನೇ ವಿಂಡೋಸ್ ಹಾಕಿದ್ದೆ. ಫೋನ್ ಮಾಡಿ ಅದರ ತಂತಿ ಬಿಚ್ಚಿಸಿ, ಪೆಟ್ಟಿಗೆಯನ್ನು ಗಜೇಂದ್ರಗಡದ ಬಸ್ಸಿಗೆ ಹಾಕಿಸಿದೆ. ಪರಿಚಯದ ಕಂಡಕ್ಟರು ಅದನ್ನು ತಮ್ಮ ಸೀಟಿನ ಮೇಲಿಟ್ಟು, ತಾವು ನಿಂತು ಬಂದಿದ್ದರು. ಬಸ್‌ಸ್ಟ್ಯಾಂಡಿನಿಂದ ಕೇಂದ್ರದವರೆಗೆ ಸವಿತಾ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಳು, ಆಟೋದವನಿಗೆ ಸಹ ಮುಟ್ಟಗೊಡಲಿಲ್ಲ.

ಎರಡೂ ಡಿಸ್ಕುಗಳ ಫೋಲ್ಡರುಗಳನ್ನು ಅಕ್ಕಪಕ್ಕ ತೆರೆದೆವು. ಅಲ್ಲಿದ್ದು ಇಲ್ಲಿಲ್ಲದ್ದನ್ನು ಅವಳು ಓದಿ ಹೇಳುವುದು, ನಾನು ಇದೇ ಇರಬೇಕೆಂದು ಖಾತ್ರಿ ಮಾಡಿಕೊಂಡು ತಂದು ಹಾಕುವುದು. ಓದಲು ಬಾರದ ಹೆಸರುಗಳನ್ನು ಅವಳು ಅವತ್ತು ಓದಲು ಕಲಿತಳು. ಊಟದ ಡಬ್ಬಿ ತೆರೆಯಲಿಲ್ಲ. ಸಾಹೇಬರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಮಾಸ್ತರರು ಮೂಲೆಯಲ್ಲಿ ಲಾಳಿಗೆ ದಾರ ಸುತ್ತುತ್ತ ಕೂತಿದ್ದರು, ಅವರ ಕೈ ಮಾತ್ರ ಒಂದೇ ಸಮನೆ ನಡೆಯುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ವಿಂಡೋಸ್ ಎದ್ದಿತು. ಮೊದಲಿದ್ದ ಚಿತ್ರ, ಮೊದಲಿದ್ದ ಜಾಗದಲ್ಲೇ ದಡಿ ಪ್ರೋಗ್ರಾಮಿನ ಗುರುತು. ಒತ್ತಿದರೆ ತೆರೆಯಲಿಲ್ಲ, ಒಂದು ಫೈಲಿನ ಹೆಸರು ಹೇಳಿ ಅದಿಲ್ಲದೆ ಆಗದು ಎಂದಿತು. ಅದೂ ಜೋಡಿ ಯಂತ್ರದಲ್ಲಿ ಸಿಕ್ಕಿತು. ತೆರೆದ ಮೇಲೆ ಕನ್ನಡದ ಹೆಸರುಗಳೆಲ್ಲ ಖಾಲಿ ಚೌಕಗಳಾಗಿ ಕಂಡವು, ಕನ್ನಡ ಅಕ್ಷರಗಳ ಫಾಂಟೂ ಕಸವೆಂದು ಹೋಗಿತ್ತು. ಅದನ್ನೂ ತಂದು ಹಾಕಿದೆ. ಜೋಳದ ತೆನೆ ಬಂತು. ಹುಣಸೆ ಹೂ ಬಂತು. ಒಂದೂ ಕಳೆದಿರಲಿಲ್ಲ.

ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಬೇರೆ ಯಾರನ್ನೇ ಕರೆಸಿದ್ದರೂ ಅವತ್ತು ಆ ದಡಿಗಳು ಹೋಗುತ್ತಿದ್ದವು. ಬಡ್ತಿ ಸಿಕ್ಕ ದಿನ, ಶಾಲು ಹೊದಿಸಿದ ದಿನ ಯಾವುದೂ ಅದಕ್ಕೆ ಸಮವಾಗಲಿಲ್ಲ. ಸಾಹೇಬರು ಬಂದು ನೋಡಿ, ಮಾಸ್ತರರ ಕಡೆ ತಿರುಗಿ, ನಿಮಗೆ ಮತ್ತೆ ಬರೆಯುವ ತ್ರಾಸು ತಪ್ಪಿತಲ್ಲ ಎಂದರು. ಮಾಸ್ತರರು ಹೌದ್ರಿ ಎಂದು ನಕ್ಕರು. ಸವಿತಾಳಿಗೆ ನಾಳೆ ಬೇಗ ಬಂದು ಎಲ್ಲವನ್ನೂ ಮುದ್ರಿಸಿಡಲು ಹೇಳಿ ಸಾಹೇಬರು ಹೊರಟುಹೋದರು. ಸವಿತಾ ಬ್ಯಾಗನ್ನು ಒಯ್ದು ಅದರ ಗೂಟಕ್ಕೆ ಹಾಕಿದಳು.

ಅಷ್ಟರಲ್ಲಿ ಮಾಸ್ತರರು ಲಾಳಿ ಬಿಟ್ಟು ಎದ್ದು ಬಂದಿದ್ದರು. ಪರದೆಯ ಮುಂದೆ ನಾನು ಎದ್ದ ಕುರ್ಚಿಯಲ್ಲಿ ಕೂತರು. ಪರದೆಯ ತುಂಬ ಒಂದು ದಡಿ ಹರಡಿತ್ತು, ಮೇಲೆ ದಪ್ಪ ಅಕ್ಷರಗಳಲ್ಲಿ ಅದರ ಹೆಸರಿತ್ತು. ಅವರು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ದರು. ಅಂಗೈಯನ್ನು ಪರದೆಯ ಮೇಲೆ ಮೆಲ್ಲಗೆ ಆಡಿಸಿದರು. ಖುಷಿಯಲ್ಲಿ ಅವರಿಗೆ ಎಚ್ಚರ ತಪ್ಪಿತ್ತು.

"ಇದು ಯಾವುದವ್ವಾ?" ಎಂದು ಕೇಳಿದರು.

ಸವಿತಾ ಗೂಟದ ಹತ್ತಿರವೇ ನಿಂತುಬಿಟ್ಟಳು. ಪರದೆಯ ಮೇಲಿನ ದಪ್ಪ ಅಕ್ಷರಗಳನ್ನು ನೋಡಿದಳು, ಮಾಸ್ತರರ ಕೈಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಮಾತು ಕೊಟ್ಟಿದ್ದೆ, ಸಿ.ಡಿ.ಗಳನ್ನು ಚೀಲಕ್ಕೆ ತುಂಬತೊಡಗಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಂದು, ಇನ್ನೊಂದು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದು ಕೂತಳು.

"ಗುಬ್ಬಿ ಹೆಜ್ಜಿ ರೀ ಮಾಸ್ತರ," ಎಂದಳು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. "ಎರಡ ಮನಿ ಕೆಂಪು, ಒಂದ ಮನಿ ಬಿಳಿ, ಮತ್ತ ಎರಡ ಮನಿ ಕೆಂಪು..."